ಒಂದು ಯಂತ್ರಕ್ಕೆ ಎಷ್ಟು ಕಾವಲು?

ಹಳೆಯ ಲ್ಯಾಪ್‌ಟಾಪು ಶುರುವಾಗಲು ತಡ ಮಾಡಿದರೆ ಜನ ಮೊದಲು ಹೇಳುವುದು, ವೈರಸ್ ಹೊಕ್ಕಿರಬೇಕು ಅಂತ. ಆಮೇಲೆ ಹೇಳುವುದು, ವಯಸ್ಸಾಯಿತು, ಇನ್ನು ಹೊಸದು ತೊಗೊಳ್ಳಿ ಅಂತ. ದುಬೈಯ ಮುಹೈಸ್ನಾದ ನಮ್ಮ ಕಟ್ಟಡದಲ್ಲಿ ಈ ಎರಡು ಮಾತನ್ನು ಕುಂದಾಪುರದ ಕನ್ನಡದಲ್ಲೂ ಮಲಪ್ಪುರದ ಮಲಯಾಳದಲ್ಲೂ ಲಾಹೋರಿನ ಉರ್ದುವಿನಲ್ಲೂ ಕೇಳಿದ್ದೇನೆ. ಎರಡನ್ನೂ ನಾನು ಸುಲಭಕ್ಕೆ ಒಪ್ಪುವುದಿಲ್ಲ. ತಡ ಮಾಡುವ ಯಂತ್ರ ಸುಮ್ಮನೆ ಕೂತಿರುವುದಿಲ್ಲ. ಆ ಹೊತ್ತಿನಲ್ಲಿ ಅದು ಯಾವುದೋ ಕೆಲಸದಲ್ಲಿ ಮುಳುಗಿರುತ್ತದೆ. ಯಾರು ಹೇಳಿದ ಕೆಲಸ ಎಂದು ಹುಡುಕಿದರೆ ಅರ್ಧ ರೋಗ ತಿಳಿದಂತೆಯೇ.

ವೈರಸ್ಸಿನ ಗುಮಾನಿ ಹುಟ್ಟಿದ್ದಕ್ಕೆ ಕಾರಣವಿಲ್ಲದೆ ಇಲ್ಲ. ಪಿಸಿಗಳಲ್ಲಿ ಹರಡಿದ ಮೊದಲ ವೈರಸ್ ಎನ್ನಿಸಿಕೊಂಡ ‘ಬ್ರೇನ್’ 1986ರಲ್ಲಿ ಲಾಹೋರಿನಿಂದ ಹೊರಟಿತು. ಅದನ್ನು ಬರೆದ ಬಾಸಿತ್ ಮತ್ತು ಅಮ್ಜದ್ ಫಾರೂಕ್ ಅಲ್ವಿ ಎಂಬ ಅಣ್ಣತಮ್ಮಂದಿರು ಅದರೊಳಗೆ ತಮ್ಮ ಹೆಸರು, ವಿಳಾಸ, ಫೋನ್ ನಂಬರುಗಳನ್ನೇ ಇಟ್ಟಿದ್ದರು. ಅದು ಮನೆ ಮಾಡುತ್ತಿದ್ದದ್ದು ಫ್ಲಾಪಿಯ ಬೂಟ್ ಸೆಕ್ಟರಿನಲ್ಲಿ, ಅಂದರೆ ಯಂತ್ರ ಶುರುವಾಗುವಾಗ ಮೊಟ್ಟಮೊದಲು ಓದುವ ಜಾಗದಲ್ಲಿ. ಅದು ಬಂದಿದೆ ಎಂದು ಗೊತ್ತಾಗುತ್ತಿದ್ದದ್ದೂ ಫ್ಲಾಪಿ ನಿಧಾನವಾದಾಗಲೇ. ಆ ಕಾಲದ ಗುಮಾನಿ ಇವತ್ತಿಗೂ ಉಳಿದಿದೆ, ಕಳ್ಳ ಮಾತ್ರ ಬದಲಾಗಿದ್ದಾನೆ. ಪಾಸ್‌ವರ್ಡು ಕದಿಯಲು ಬಂದ ಪ್ರೋಗ್ರಾಮಿಗೆ ಸದ್ದಿಲ್ಲದೆ ಇರುವುದೇ ಬಂಡವಾಳ. ಯಂತ್ರ ತಡವರಿಸಿದರೆ ಅದರ ಗುಟ್ಟು ರಟ್ಟಾಗುತ್ತದೆ. ಗುಟ್ಟಾಗಿ ಕ್ರಿಪ್ಟೊ ಹಣ ಗಣಿ ಮಾಡುವ ಪ್ರೋಗ್ರಾಮುಗಳು ಯಂತ್ರವನ್ನು ಬಳಲಿಸುವುದು ನಿಜ, ಆದರೆ ಅವು ದಿನವಿಡೀ ಫ್ಯಾನು ಓಡಿಸುತ್ತವೆ, ಶುರುವಿನ ಹೊತ್ತಿನಲ್ಲಿ ಮಾತ್ರವಲ್ಲ. ಶುರುವಿನಲ್ಲಷ್ಟೇ ಏದುಸಿರು ಬಿಡುವ ಹಳೆಯ ಲ್ಯಾಪ್‌ಟಾಪಿನಲ್ಲಿ ತಡ ಮಾಡುವವನು ಹೆಚ್ಚಾಗಿ ಕಳ್ಳನಲ್ಲ, ಕಾವಲುಗಾರ.

ಮುಹೈಸ್ನಾ ದುಬೈಯ ಅಂಚಿನಲ್ಲಿದೆ, ಆಚೆಗೆ ಶಾರ್ಜಾ. ಎರಡನೇ ಮುಹೈಸ್ನಾವನ್ನು ಎಲ್ಲರೂ ಸೋನಾಪುರ ಎಂದೇ ಕರೆಯುತ್ತಾರೆ. ಅಲ್ಲಿ ಕಾರ್ಮಿಕರ ಕ್ಯಾಂಪುಗಳಿವೆ, ಸಂಜೆಯಾದರೆ ಕಂಪನಿ ಬಸ್ಸುಗಳ ಸಾಲು. ನಾಲ್ಕನೇ ಮುಹೈಸ್ನಾದಲ್ಲಿ ಸಂಸಾರಸ್ಥರ ಫ್ಲ್ಯಾಟುಗಳು, ಮದೀನಾ ಮಾಲ್, ಲುಲು. ಇಲ್ಲಿ ಲ್ಯಾಪ್‌ಟಾಪು ಒಬ್ಬರ ಕೈಯಲ್ಲೇ ಮುದಿಯಾಗುವುದು ಅಪರೂಪ. ಆಫೀಸಿನಿಂದ ಮನೆಗೆ, ಮನೆಯಿಂದ ಕ್ಯಾಂಪಿನಲ್ಲಿರುವ ಊರಿನ ಹುಡುಗನಿಗೆ, ಅವನಿಂದ ರಜೆಯಲ್ಲಿ ಊರಿಗೆ. ಹದಿನೆಂಟು ತುಂಬಿದವರು ಒಂದು ಲ್ಯಾಪ್‌ಟಾಪನ್ನು ಸುಂಕವಿಲ್ಲದೆ ಭಾರತಕ್ಕೆ ಒಯ್ಯಬಹುದಾದ್ದರಿಂದ ಈ ದಾರಿ ಸಲೀಸು. ಇಂಗ್ಲಿಷಿನ ಪಕ್ಕದಲ್ಲಿ ಅರಬ್ಬಿ ಅಕ್ಷರ ಅಚ್ಚಾದ ಕೀಲಿಗಳ ಮೇಲೆ ಬೈಂದೂರಿನ ಮಕ್ಕಳು ಕನ್ನಡ ಟೈಪು ಮಾಡುವುದನ್ನು ನೋಡಿದ್ದೇನೆ, ನೋಡಿ ಸಂತೋಷಪಟ್ಟಿದ್ದೇನೆ.

ನಮ್ಮ ಕೆಳಗಿನ ಮಹಡಿಯಲ್ಲಿ ಕುಂದಾಪುರದ ಕಡೆಯ ಅಕ್ಕ ಒಬ್ಬರಿದ್ದಾರೆ. “ಹ್ವಾಯ್, ಇದನ್ನೊಂದ್ ಕಾಣಿ ಮಾರಾಯ್ರೆ. ಬಿಸಾಕೂದಾ, ಇಟ್ಕಂಬುದಾ, ಹೇಳಿ” ಎಂದು ಲ್ಯಾಪ್‌ಟಾಪನ್ನು ತಂದು ಮೇಜಿನ ಮೇಲೆ ಇಟ್ಟರು. ಅವರ ಮಗಳು ವಾರಕ್ಕೊಮ್ಮೆ ಆನ್‌ಲೈನಿನಲ್ಲಿ ಕನ್ನಡ ಕಲಿಯುತ್ತಾಳೆ. ಪಾಠ ಶುರುವಾಗಿ ಮಕ್ಕಳೆಲ್ಲ ಹಾಜರಿ ಹೇಳಿ ಮುಗಿಸಿದರೂ ಈ ಲ್ಯಾಪ್‌ಟಾಪು ಕಣ್ಣು ಬಿಟ್ಟಿರುವುದಿಲ್ಲ. ಪರದೇಶದಲ್ಲಿ ಹುಟ್ಟಿದ ಮಗು ಅಕ್ಷರಮಾಲೆಯ ಹೊತ್ತಿಗೆ ಸರಿಯಾಗಿ ಬಂದು ಕೂರಬೇಕು. ಆದ್ದರಿಂದ ನನಗಿದು ಬರೀ ಯಂತ್ರದ ತೊಂದರೆಯಾಗಿ ಕಾಣಲಿಲ್ಲ.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ನನಗೆ ಅಲ್ಲಿ ಮೊದಲು ಬೇಕಾದದ್ದು ಡಿಸ್ಕಿನ ಸಾಲು. ಶೇಕಡಾ 100 ಎಂದು ತೋರಿಸುತ್ತಿತ್ತು, ಆದರೆ ಓದುತ್ತಿದ್ದದ್ದು ಸೆಕೆಂಡಿಗೆ ಒಂದೆರಡು ಎಂಬಿ ಮಾತ್ರ. ಈ ಎರಡು ಅಂಕಿಗಳನ್ನು ಒಟ್ಟಿಗೆ ನೋಡಬೇಕು. ಡಿಸ್ಕಿಗೆ ಪುರುಸೊತ್ತಿಲ್ಲ, ಸಾಗುವ ಕೆಲಸವೂ ಅಷ್ಟಕ್ಕಷ್ಟೇ. ಹಾಗೆಂದರೆ ಅದು ದೊಡ್ಡ ಫೈಲೊಂದನ್ನು ಓದುತ್ತಿಲ್ಲ, ಸಾವಿರಾರು ಚಿಕ್ಕ ಚೂರುಗಳಿಗಾಗಿ ಅಲೆಯುತ್ತಿದೆ.

ಪಕ್ಕದ ಸ್ಟಾರ್ಟಪ್ ಪಟ್ಟಿ ತೆರೆದರೆ ಆ ಮನೆಯ ಹಲವು ವರ್ಷಗಳ ಭಯಗಳೆಲ್ಲ ಅಲ್ಲಿದ್ದವು. ಯಂತ್ರದ ಜೊತೆಗೇ ಬಂದು ಅವಧಿ ಮುಗಿದ ಆಂಟಿವೈರಸ್ ಒಂದು. ಬ್ಯಾಂಕಿನವರೆಂದು ಹೇಳಿಕೊಂಡು ಎಮಿರೇಟ್ಸ್ ಐಡಿ ನಂಬರು ಕೇಳಿದ ಮೋಸದ ಕರೆ ಬಂದ ಮೇಲೆ ದುಡ್ಡು ಕೊಟ್ಟು ಹಾಕಿಸಿದ ಆಂಟಿವೈರಸ್ ಇನ್ನೊಂದು. 2020ರ ಮಾರ್ಚ್ 22ರಿಂದ ಯುಎಇಯ ಶಾಲೆಗಳೆಲ್ಲ ಮನೆಯಿಂದಲೇ ಪಾಠ ಶುರು ಮಾಡಿದಾಗ, ಮಗಳು ಬೇಡದ್ದನ್ನು ನೋಡದಿರಲಿ ಎಂದು ಹಾಕಿದ ಮಕ್ಕಳ ಕಾವಲಿನ ಪ್ರೋಗ್ರಾಮು ಮತ್ತೊಂದು. ವಾಟ್ಸಾಪ್ ಕರೆ ಇಲ್ಲಿ ನಡೆಯುವುದಿಲ್ಲವೆಂದು, ಊರಿನ ತಾಯಿಯ ಮುಖ ನೋಡಲು ಯಾರೋ ಹಾಕಿಕೊಟ್ಟ ಬಿಟ್ಟಿ ವಿಪಿಎನ್. ನಮ್ಮ ತಾಯಂದಿರ ಮುಖ ನೋಡುವ ಆಸೆಗೆ ಬೆಲೆ ಕಟ್ಟಲಾಗದು, ಆದರೂ ತೆಗೆಯಲೇಬೇಕಾದದ್ದು ಅದೇ ಮೊದಲು. ಬಿಟ್ಟಿ ವಿಪಿಎನ್ ಎಂದರೆ ನಮ್ಮ ಮಾತೆಲ್ಲ ಗುರುತಿಲ್ಲದವರ ಕೈ ದಾಟಿ ಹೋದಂತೆ. ಇಲ್ಲಿನ ಕಾನೂನು ಕೂಡ ವಿಪಿಎನ್ ದುರ್ಬಳಕೆಗೆ ಭಾರಿ ದಂಡ ಇಟ್ಟಿದೆ. ಕರೆಗೆ ಅನುಮತಿ ಪಡೆದ ಆ್ಯಪುಗಳು ಫೋನಿನಲ್ಲೇ ಇವೆ. ಪ್ರಿಂಟರಿನದು, ಆಟದ್ದು, ಸಂಗೀತದ್ದು ಎಂದು ಉಳಿದ ಬಾಲಗಳನ್ನು ಅಲ್ಲೇ ಡಿಸೇಬಲ್ ಮಾಡಿದೆ.

ಕನ್ನಡ ಟೈಪಿಂಗ್ ತಂತ್ರಾಂಶವೂ ಆ ಪಟ್ಟಿಯಲ್ಲಿತ್ತು. ಕೀಲಿ ಒತ್ತಿದ್ದನ್ನು ನಡುವೆಯೇ ಹಿಡಿದು ಅಕ್ಷರ ಮಾಡುವ ಇಂಥ ಪ್ರೋಗ್ರಾಮುಗಳ ಮೇಲೆ ಆಂಟಿವೈರಸ್ ಕೆಲವೊಮ್ಮೆ ಕಣ್ಣು ಕೆಂಪು ಮಾಡುವುದುಂಟು. ‘ನುಡಿ’, ‘ಬರಹ’ ತಂತ್ರಾಂಶಗಳು ನಮ್ಮ ಬರವಣಿಗೆಗೆ ಮಾಡಿದ ಉಪಕಾರ ದೊಡ್ಡದು, ಹಳೆಯ ಫಾಂಟಿನ ಕಡತಗಳಿದ್ದರೆ ಅವು ಬೇಕೇ ಬೇಕು. ಆದರೆ 2019ರ ಮೇ ತಿಂಗಳ ವಿಂಡೋಸ್ 10 ಅಪ್‌ಡೇಟಿನಿಂದ ಕನ್ನಡ ಫೋನೆಟಿಕ್ ಕೀಲಿಮಣೆ ವಿಂಡೋಸಿನಲ್ಲೇ ಇದೆ. ಮಗುವಿಗೆ ಅದನ್ನು ತೋರಿಸಿಕೊಟ್ಟೆ.

ಕಾವಲು ಯಂತ್ರವನ್ನು ಯಾಕೆ ಇಷ್ಟು ಬಳಲಿಸುತ್ತದೆ? ಇದನ್ನು ತಿಳಿಯದೆ ರಿಪೇರಿಗೆ ಕೈಹಾಕಿದರೆ ಬೇಕಾದದ್ದನ್ನು ಕಿತ್ತು ಬೇಡದ್ದನ್ನು ಉಳಿಸಿಬಿಡುತ್ತೇವೆ. ಹಳೆಯ ಲ್ಯಾಪ್‌ಟಾಪುಗಳ ಹಾರ್ಡ್‌ಡಿಸ್ಕ್ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ, ಸೆಕೆಂಡಿಗೆ 90. ಬೇಕಾದ ಜಾಗ ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಅಂದರೆ ಐದೂವರೆ ಮಿಲಿಸೆಕೆಂಡು. ಮುಳ್ಳು ಆ ಪಟ್ಟೆಗೆ ಸರಿಯಲು ಅದರ ಎರಡರಷ್ಟು ಹೊತ್ತು. ಎಲ್ಲ ಕೂಡಿಸಿದರೆ, ಚದುರಿಬಿದ್ದ ಚೂರುಗಳನ್ನು ಸೆಕೆಂಡಿಗೆ ಅರವತ್ತು ಎಪ್ಪತ್ತು ಓದಿದರೆ ಹೆಚ್ಚು. ತಾಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಒಬ್ಬನೇ ಗುಮಾಸ್ತ ಇದ್ದು, ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಊರಿನವರೆಲ್ಲ ಒಂದೊಂದು ಕಡತ ಕೇಳಿದ ಹಾಗೆ. ಆಂಟಿವೈರಸ್ ಇದ್ದರೆ ಪ್ರತಿ ಕಡತವೂ ಕೇಳಿದವರ ಕೈಗೆ ಹೋಗುವ ಮೊದಲು ತಪಾಸಣೆಯಾಗಬೇಕು. ಆ ತಪಾಸಣೆ ಮಾಡುವವರಿಗೂ ತಮ್ಮ ಕಡತಗಳು ಬೇಕು, ಅವನ್ನು ತರಬೇಕಾದವನೂ ಅದೇ ಗುಮಾಸ್ತ. ಎರಡು ಆಂಟಿವೈರಸ್ ಇದ್ದರೆ ಹೇಳುವುದೇ ಬೇಡ.

ವಿಂಡೋಸ್ 8ರಿಂದ ಈಚೆಗೆ ಕಾವಲಿನ ಚಾಲಕ ಪ್ರೋಗ್ರಾಮು ಉಳಿದ ಚಾಲಕಗಳಿಗಿಂತ ಮೊದಲೇ ಏಳುವ ಏರ್ಪಾಡು ಕೂಡ ಇದೆ. ತನಗಿಂತ ಮುಂಚೆ ಕಳ್ಳ ಎದ್ದು ಕೂತಿರಬಾರದಲ್ಲ. ಇದು ಸರಿಯಾದ ಏರ್ಪಾಡೇ. ಅದೇ ವಿಂಡೋಸ್ 8ರಲ್ಲಿ ‘ಫಾಸ್ಟ್ ಸ್ಟಾರ್ಟಪ್’ ಬಂತು. ಅದು ಚಾಲೂ ಇದ್ದರೆ ರಾತ್ರಿ ಶಟ್‌ಡೌನ್ ಮಾಡಿದರೂ ವಿಂಡೋಸಿನ ಒಳತಿರುಳು ಡಿಸ್ಕಿನಲ್ಲಿ ಮಲಗಿರುತ್ತದೆ, ಬೆಳಿಗ್ಗೆ ಅದನ್ನೇ ಎಬ್ಬಿಸುತ್ತದೆ. ಪೂರ್ತಿ ಹೊಸದಾಗಿ ಶುರುವಾಗಬೇಕೆಂದರೆ ರೀಸ್ಟಾರ್ಟ್ ಒತ್ತಬೇಕು. ದಿನವೂ ತಪ್ಪದೆ ಶಟ್‌ಡೌನ್ ಮಾಡುವ ಶಿಸ್ತಿನವರ ಯಂತ್ರವೇ ತಿಂಗಳುಗಟ್ಟಲೆ ಹಳೆಯ ತಿರುಳಿನಲ್ಲಿ ನಡೆಯುತ್ತಿರುವುದು ಹೀಗೆ.

ಅವಧಿ ಮುಗಿದ ಆಂಟಿವೈರಸ್ ಅನ್ನು ಕಂಟ್ರೋಲ್ ಪ್ಯಾನೆಲಿನಿಂದ ತೆಗೆದೆ. ಅಷ್ಟಕ್ಕೇ ಬಿಡಬಾರದು. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ‘ಎಫ್‌ಎಲ್‌ಟಿಎಂಸಿ’ ಎಂದು ಬರೆದರೆ, ಫೈಲುಗಳ ದಾರಿಯಲ್ಲಿ ಅಡ್ಡ ನಿಂತಿರುವ ಸೋಸುಗಗಳ ಪಟ್ಟಿ ಬರುತ್ತದೆ. ಒಂದೊಂದಕ್ಕೂ ಒಂದು ಸಂಖ್ಯೆ ಇರುತ್ತದೆ, ಆಂಟಿವೈರಸ್ಸುಗಳದ್ದು 320000ದಿಂದ 329999ರ ನಡುವೆ. ತೆಗೆದುಹಾಕಿದವನ ಹೆಸರು ಅಲ್ಲಿ ಇನ್ನೂ ಇತ್ತು. ಆಯಾ ಕಂಪನಿಯೇ ಕೊಡುವ ತೆಗೆಯುವ ಸಾಧನವನ್ನು ಓಡಿಸಿದ ಮೇಲೆ ಅದು ಹೋಯಿತು. ಉಳಿದ ಒಂದನ್ನು ಇಟ್ಟುಕೊಂಡೆವು. ಅದರ ಪೂರ್ತಿ ಸ್ಕ್ಯಾನ್ ಯಂತ್ರ ಏಳುವ ಹೊತ್ತಿಗೇ ಓಡುತ್ತಿತ್ತು, ಅದನ್ನು ಶನಿವಾರದ ಮಧ್ಯಾಹ್ನಕ್ಕೆ ಬದಲಾಯಿಸಿದೆ. ಅದೂ ಬೇಡವೆನ್ನುವವರಿಗೆ ವಿಂಡೋಸಿನದೇ ಡಿಫೆಂಡರ್ ಇದೆ. ಬೇರೆ ಆಂಟಿವೈರಸ್ ಇಲ್ಲದಿದ್ದರೆ ಅದು ತಾನೇ ಕಾವಲಿಗೆ ನಿಲ್ಲುತ್ತದೆ.

ಕೆಲವರು ವೇಗಕ್ಕಾಗಿ ಕಾವಲನ್ನೇ ಪೂರ್ತಿ ಕಿತ್ತು ಕೊಡುತ್ತಾರೆ. ಇದನ್ನು ನಾನು ಗಟ್ಟಿಯಾಗಿ ವಿರೋಧಿಸುತ್ತೇನೆ. ಗಲ್ಫಿನಲ್ಲಿರುವವರ ಲ್ಯಾಪ್‌ಟಾಪಿನಲ್ಲಿ ಏನಿರುತ್ತದೆ ಎಂದು ಒಮ್ಮೆ ಯೋಚಿಸಿ. ಮನೆಮಂದಿಯ ಪಾಸ್‌ಪೋರ್ಟಿನ ಪ್ರತಿ, ವೀಸಾ, ಬಾಡಿಗೆ ಕರಾರು, ಊರಿಗೆ ಹಣ ಕಳುಹಿಸಿದ ರಸೀದಿ, ಮಕ್ಕಳ ಜನನ ಪತ್ರ. ಬದುಕೇ ಕಾಗದದ ಮೇಲೆ ನಿಂತವರು ನಾವು. ಸೋನಾಪುರದ ಕೋಣೆಗಳಲ್ಲಿ ಸಿನಿಮಾ ತುಂಬಿದ ಪೆನ್‌ಡ್ರೈವುಗಳು ಕೈಯಿಂದ ಕೈಗೆ ಹೋಗುತ್ತವೆ. 2008ರಲ್ಲಿ ಕಾಣಿಸಿಕೊಂಡ ಕಾನ್ಫಿಕರ್ ಹುಳು ಹಬ್ಬಿದ ದಾರಿಗಳಲ್ಲಿ ಪೆನ್‌ಡ್ರೈವೂ ಒಂದು. 2011ರ ಫೆಬ್ರುವರಿಯಲ್ಲಿ ಮೈಕ್ರೋಸಾಫ್ಟ್ ಪೆನ್‌ಡ್ರೈವುಗಳ ಆಟೋರನ್ ಅನ್ನು ಹಳೆಯ ವಿಂಡೋಸುಗಳಲ್ಲೂ ನಿಲ್ಲಿಸಬೇಕಾಯಿತು. ಹಾಗಾಗಿ ವೈರಸ್ಸಿನ ಭಯಕ್ಕೆ ಆಧಾರವಿದೆ. ಕಾವಲು ಒಳಗೆ ನಿಂತಷ್ಟೂ ಅದರ ತಪ್ಪು ದುಬಾರಿ ಎಂಬುದೂ ನಿಜವೇ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ಒಂದು ದೋಷಪೂರಿತ ಅಪ್‌ಡೇಟಿನಿಂದ, ಮೈಕ್ರೋಸಾಫ್ಟಿನ ಅಂದಾಜಿನಂತೆ 85 ಲಕ್ಷ ವಿಂಡೋಸ್ ಯಂತ್ರಗಳು ಮಲಗಿದವು, ಭಾರತದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಹಾಗೆಂದು ವಿಮಾನ ಕಂಪನಿಗಳು ಕಾವಲೇ ಬೇಡವೆನ್ನಲಿಲ್ಲ.

ಅಕ್ಕನ ಲ್ಯಾಪ್‌ಟಾಪು ಇಷ್ಟರಲ್ಲೇ ಅರ್ಧ ಹಗುರಾಗಿತ್ತು. ಉಳಿದರ್ಧ ಡಿಸ್ಕಿನದು. ಡಿಸ್ಕಿನ ಆರೋಗ್ಯ ತೋರಿಸುವ ‘ಸ್ಮಾರ್ಟ್’ ಅಂಕಿಗಳಲ್ಲಿ ಕೆಟ್ಟು ಬದಲಾದ ಸೆಕ್ಟರುಗಳು ಕಾಣಿಸಿಕೊಂಡಿದ್ದವು. ಅಂಥ ಅಂಕಿ ಕಂಡರೆ ಬೇರೆಲ್ಲ ಬಿಟ್ಟು ಮೊದಲು ಫೋಟೊ, ಕಾಗದಪತ್ರಗಳ ಪ್ರತಿ ತೆಗೆದಿಡಬೇಕು. ಆಮೇಲೆ ಅಕ್ಕನ ಯಜಮಾನರು ಗ್ರೀನ್ ಲೈನ್ ಮೆಟ್ರೊ ಹಿಡಿದು ಬುರ್ಜುಮಾನಿನಲ್ಲಿ ಇಳಿದು, ಖಾಲಿದ್ ಬಿನ್ ಅಲ್ ವಲೀದ್ ರಸ್ತೆಯ ಕಂಪ್ಯೂಟರ್ ಅಂಗಡಿಯೊಂದರಿಂದ ಎರಡೂವರೆ ಇಂಚಿನ ಎಸ್‌ಎಸ್‌ಡಿ ತಂದರು. ಅದರಲ್ಲಿ ತಿರುಗುವ ತಟ್ಟೆಯಿಲ್ಲ, ಸರಿಯುವ ಮುಳ್ಳಿಲ್ಲ. ಚದುರಿದ ಚೂರುಗಳನ್ನು ಸೆಕೆಂಡಿಗೆ ಸಾವಿರಗಟ್ಟಲೆ ಓದುತ್ತದೆ. ಹಿಂಬದಿ ಬಿಚ್ಚಿದಾಗ ಫ್ಯಾನಿನ ರೆಕ್ಕೆಗಳ ನಡುವೆ ಮರಳಿನ ನುಣುಪು ಧೂಳು ಹೆಪ್ಪುಗಟ್ಟಿತ್ತು. ಕಾವು ಹೊರಗೆ ಹೋಗದಿದ್ದರೆ ಪ್ರೊಸೆಸರ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಅದನ್ನೂ ಬ್ರಶ್ಶಿನಿಂದ ತೆಗೆದೆವು.

ಈಗ ಅದು ಬೇಗ ಏಳುತ್ತದೆ, ಒಂದು ಆಂಟಿವೈರಸ್ಸಿನ ಸಮೇತ. ಬಾಕಿ ಇರುವುದು ವಿಂಡೋಸಿನ ಪ್ರಶ್ನೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಚಿಪ್ಪು ಈ ಯಂತ್ರದಲ್ಲಿಲ್ಲ. ಹೆಸರು ನೋಂದಾಯಿಸಿದ ಮನೆಬಳಕೆಯವರಿಗೆ ಮೈಕ್ರೋಸಾಫ್ಟ್ ಭದ್ರತಾ ಅಪ್‌ಡೇಟುಗಳನ್ನು 2026ರ ಅಕ್ಟೋಬರ್ 13ರವರೆಗೆ ವಿಸ್ತರಿಸಿತು, ಅಕ್ಕನ ಯಂತ್ರವನ್ನೂ ಅದಕ್ಕೆ ಸೇರಿಸಿದ್ದೇನೆ. ಕಿಟಕಿಯ ಚೌಕಟ್ಟೇ ಸಡಿಲವಾದ ಮೇಲೆ ಆಂಟಿವೈರಸ್ ಒಂದೇ ಮನೆ ಕಾಯಲಾರದು, ಆದ್ದರಿಂದ ಆ ಅವಧಿ ಮುಗಿಯುವ ಮೊದಲೇ ಲಿನಕ್ಸ್ ಹಾಕೋಣ ಎಂದಿದ್ದೇನೆ. ಅದರಲ್ಲೂ ಕನ್ನಡ ಕೀಲಿಮಣೆ ಇದೆ, ಬ್ರೌಸರಿನಲ್ಲಿ ಪಾಠವೂ ನಡೆಯುತ್ತದೆ. ಬ್ಯಾಂಕಿನ ಕೆಲಸವನ್ನು ಅಕ್ಕ ಈಗಾಗಲೇ ಫೋನಿಗೆ ಬದಲಾಯಿಸಿಕೊಂಡಿದ್ದಾರೆ. ಪಾಸ್‌ಪೋರ್ಟಿನ ಪ್ರತಿಗಳನ್ನು ಬೇರೆ ಡಿಸ್ಕಿಗೆ ಹಾಕಿ ಕಪಾಟಿನಲ್ಲಿ ಇಟ್ಟಿದ್ದಾಗಿದೆ. ಮಗಳು ಒತ್ತಕ್ಷರದ ಪಾಠಕ್ಕೆ ಬಂದಿದ್ದಾಳೆ.