ನಾಲ್ಕನೇ ವಾರ್ಡಿನ ಪಕ್ಕದ ಕೋಣೆ

2011ರ ಜನವರಿ 28. ಮುಂಬೈಯ ಪರೇಲ್‌ನಲ್ಲಿ ಕೆಇಎಂ ಆಸ್ಪತ್ರೆಯ ನಾಲ್ಕನೇ ವಾರ್ಡಿಗೆ ಅಂಟಿಕೊಂಡಿರುವ ಪುಟ್ಟ ಕೋಣೆಯ ಬಾಗಿಲಲ್ಲಿ ನೀವು ನಿಂತಿದ್ದೀರಿ. ಬೆನ್ನ ಹಿಂದೆ ಪಾಲಿಕೆ ಆಸ್ಪತ್ರೆಯ ನಿತ್ಯದ ಗದ್ದಲವಿದೆ. ಸ್ಟ್ರೆಚರ್ ಉರುಳುತ್ತಿದೆ, ಯಾರೋ ಯಾರನ್ನೋ ಕೂಗುತ್ತಿದ್ದಾರೆ, ಫಿನೈಲ್ ವಾಸನೆ ಮೂಗಿಗೆ ಬಡಿಯುತ್ತಿದೆ. ಮೂವರು ವೈದ್ಯರು ಒಳಗೆ ಹೋಗುತ್ತಾರೆ. ಪಕ್ಕದಲ್ಲೇ ಇರುವ ಟಾಟಾ ಮೆಮೋರಿಯಲ್‌ನಿಂದ ಅರಿವಳಿಕೆ ಮತ್ತು ತೀವ್ರ ನಿಗಾ ವಿಭಾಗದ ಮುಖ್ಯಸ್ಥ ಡಾ. ಜೆ.ವಿ. ದಿವಾಟಿಯಾ ಬಂದಿದ್ದಾರೆ. ಹಿಂದೂಜಾ ಆಸ್ಪತ್ರೆಯಿಂದ ನರರೋಗ ತಜ್ಞ ಡಾ. ರೂಪ್ ಗುರ್ಸಹಾನಿ, ಸಯಾನ್‌ನ ಲೋಕಮಾನ್ಯ ತಿಲಕ್ ಆಸ್ಪತ್ರೆಯಿಂದ ಮನೋವೈದ್ಯ ಡಾ. ನೀಲೇಶ್ ಶಾ. ಇವರನ್ನು ಕಳಿಸಿರುವುದು ಸುಪ್ರೀಂ ಕೋರ್ಟ್. ಆದೇಶವಾಗಿ ಇನ್ನೂ ನಾಲ್ಕು ದಿನ.

ಅವರ ಹಿಂದೆಯೇ ನೀವೂ ಒಳಗೆ ಕಾಲಿಡುತ್ತೀರಿ. ಮಂಚದ ಕಡೆಯಿಂದ ಒಂದು ಸದ್ದು ಏಳುತ್ತದೆ. ಮಾತೆನ್ನಲಾಗದು, ಅಳು ಎನ್ನಲೂ ಆಗದು. ಕೋಣೆಯಲ್ಲಿ ಜನ ಹೆಚ್ಚಾದರೆ ಹೀಗಾಗುತ್ತದೆ ಎನ್ನುತ್ತಾರೆ ನೋಡಿಕೊಳ್ಳುವವರು. ಮೃದುವಾಗಿ ಮುಟ್ಟಿ ನೇವರಿಸಿದರೆ ಶಾಂತವಾಗುತ್ತಾರಂತೆ. ಇವತ್ತು ಹೆಚ್ಚಾದವರಲ್ಲಿ ನೀವೂ ಒಬ್ಬರು.

ಮಂಚದ ಮೇಲೆ ಮುದುಡಿ ಮಲಗಿರುವವರು ಅರುಣಾ ರಾಮಚಂದ್ರ ಶಾನಭಾಗ. ವಯಸ್ಸು 62. ಉತ್ತರ ಕನ್ನಡದ ಹೊನ್ನಾವರ ತಾಲ್ಲೂಕಿನ ಹಳದೀಪುರದಿಂದ ನರ್ಸ್ ಆಗಲು ಈ ಊರಿಗೆ ಬಂದ ಹುಡುಗಿ. ಇದೇ ಆಸ್ಪತ್ರೆಯಲ್ಲಿ ಕೆಲಸ, ಇಲ್ಲಿಯದೇ ಒಬ್ಬ ವೈದ್ಯನ ಜೊತೆ ಮದುವೆ ನಿಶ್ಚಯ. 1973ರ ನವೆಂಬರ್ 27ರ ಸಂಜೆ ಡ್ಯೂಟಿ ಮುಗಿಸಿ ನೆಲಮಾಳಿಗೆಯಲ್ಲಿ ಬಟ್ಟೆ ಬದಲಿಸಲು ಹೋದಾಗ ಆಸ್ಪತ್ರೆಯ ಸ್ವೀಪರ್ ಒಬ್ಬ ನಾಯಿ ಕಟ್ಟುವ ಸರಪಳಿಯನ್ನು ಕುತ್ತಿಗೆಗೆ ಬಿಗಿದು ಅತ್ಯಾಚಾರ ಮಾಡಿದ. ಮಿದುಳಿಗೆ ರಕ್ತ, ಆಮ್ಲಜನಕ ನಿಂತುಹೋಯಿತು. ಮರುದಿನ ಬೆಳಿಗ್ಗೆ ನೆಲದ ಮೇಲೆ ಬಿದ್ದಿದ್ದ ಆಕೆಯನ್ನು ಕಂಡರು. ಅಪರಾಧಿಗೆ ಶಿಕ್ಷೆಯಾದದ್ದು ಕೊಲೆಯತ್ನ ಮತ್ತು ದರೋಡೆಗೆ, 7 ವರ್ಷ. ಅವನು ಅದನ್ನು ಮುಗಿಸಿ ಹೊರಗೆ ಹೋದ. ಅರುಣಾ ಹೋಗಲಿಲ್ಲ.

ವೈದ್ಯರು ಕೆಲಸಕ್ಕೆ ತೊಡಗುತ್ತಾರೆ. ಜ್ವರವಿಲ್ಲ. ನಾಡಿ ನಿಮಿಷಕ್ಕೆ 80, ಉಸಿರು 15, ಎರಡೂ ಲಯಬದ್ಧ. ಬಾಯಲ್ಲಿ ಹಲ್ಲಿಲ್ಲ. ಮಣಿಕಟ್ಟುಗಳು ಒಳಕ್ಕೆ ಮಡಚಿ ಗಟ್ಟಿಯಾಗಿವೆ. ಮೊಣಕಾಲುಗಳೂ ಹಾಗೆಯೇ, ಬಲಗಾಲು ಇನ್ನೂ ಹೆಚ್ಚು. ಎಡಗೈ ಮಾತ್ರ ಆಗಾಗ ಅಲುಗುತ್ತದೆ. ಮೂಗಿನಿಂದ ಹೊಟ್ಟೆಗೆ ಒಂದು ನಳಿಕೆ. ಕೆಲವು ತಿಂಗಳ ಹಿಂದೆ ಮಲೇರಿಯಾ ಬರುವ ತನಕ ಅದೂ ಇರಲಿಲ್ಲ. ಅರೆದ ಅನ್ನವನ್ನು ಬಾಯಿಗೇ ಕೊಡುತ್ತಿದ್ದರು. ವೆಂಟಿಲೇಟರ್ ಇಲ್ಲ. ಬೀಪ್ ಎನ್ನುವ ಯಂತ್ರ ಹುಡುಕಿದರೂ ಸಿಗದು. ಸಿನಿಮಾದಲ್ಲಿ ನೋಡಿದಂತೆ ಯಾರೋ ಒಂದು ಸ್ವಿಚ್ ಆರಿಸುವ ಪ್ರಶ್ನೆಯೇ ಇಲ್ಲಿಲ್ಲ.

ಆಮೇಲೆ ಅವರು ಚರ್ಮ ನೋಡುತ್ತಾರೆ. ಇಲ್ಲಿ ನೀವು ಸ್ವಲ್ಪ ಹತ್ತಿರ ಬರಬೇಕು. ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರನ್ನು ನೋಡಿಕೊಂಡವರಿಗೆ ಗೊತ್ತು, ಎಷ್ಟು ಎಚ್ಚರವಿದ್ದರೂ ಕೆಲವೇ ದಿನಕ್ಕೆ ಸೊಂಟದ ಹಿಂದೆ, ಹಿಮ್ಮಡಿಯ ಮೇಲೆ ಚರ್ಮ ಕೆಂಪೇರುತ್ತದೆ, ಆಮೇಲೆ ಒಡೆಯುತ್ತದೆ, ಹುಣ್ಣು ಎಲುಬಿನ ತನಕ ಇಳಿಯುತ್ತದೆ. ತಡೆಯಬೇಕೆಂದರೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ರಾತ್ರಿಯೂ. ಒದ್ದೆಯಾದ ಕೂಡಲೇ ಒರೆಸಬೇಕು, ಮಡಚಿದ ಬೆರಳುಗಳ ಸಂದಿಯನ್ನೂ ಒಣಗಿಸಬೇಕು. ಈ ದೇಹ 37 ವರ್ಷ ಮಲಗಿದೆ. ಡಾಕ್ಟರು ಹುಡುಕುತ್ತಾರೆ: ಒಂದೂ ಹುಣ್ಣಿಲ್ಲ. ಹಿಂದೆ ಆಗಿ ಮಾಯ್ದ ಹುಣ್ಣಿನ ಗುರುತು ಕೂಡ ಇಲ್ಲ. ವರದಿಯಲ್ಲಿ ಅದು ಒಂದೇ ಸಾಲು. ನನ್ನ ಮಟ್ಟಿಗೆ ಇಡೀ ವರದಿಯಲ್ಲಿ ಅದಕ್ಕಿಂತ ದೊಡ್ಡ ಸಾಲಿಲ್ಲ. ನರ್ಸುಗಳ ಎಷ್ಟು ತಲೆಮಾರು ಈ ಕೋಣೆಯಲ್ಲಿ ರಾತ್ರಿಪಾಳಿ ಮಾಡಿ ನಿವೃತ್ತಿಯಾಗಿರಬೇಕು! ಮಂಚ ಖಾಲಿ ಮಾಡಿಸಿ ಆಕೆಯನ್ನು ಬೇರೆಡೆಗೆ ಸಾಗಿಸಲು 1980ರ ದಶಕದಲ್ಲಿ ಪಾಲಿಕೆ ಹೊರಟಾಗ ತಡೆದವರೂ ಇದೇ ನರ್ಸುಗಳು.

ಈಗ ನರವೈದ್ಯರ ಸರದಿ. ಕಣ್ಣು ತೆರೆದಿದೆ. ಎಚ್ಚರ, ನಿದ್ದೆಗಳ ಚಕ್ರವೂ ನಡೆಯುತ್ತಿದೆ. ಆದರೆ ಸುತ್ತಲಿನದರ ಅರಿವಿದೆಯೆನ್ನಲು ನಂಬುವಂಥ ಕುರುಹು ಸಿಗುವುದಿಲ್ಲ. ಶಾಶ್ವತ ಜಡಸ್ಥಿತಿ ಎನ್ನಲು ಬೇಕಾದ ಬಹುಪಾಲು ಲಕ್ಷಣಗಳು ಇವೆ ಎಂದು ಅವರು ಬರೆಯಲಿದ್ದಾರೆ. ಅದೇ ಕಾಗದದ ಇನ್ನೊಂದು ಕಡೆ ನೋಡಿಕೊಳ್ಳುವವರ ಮಾತೂ ದಾಖಲಾಗುತ್ತದೆ: ಮೀನು, ಕೋಳಿ ಸೂಪು ಇಷ್ಟ, ಬೇಡವಾದರೆ ಮುಖ ಕಿವುಚುತ್ತಾರೆ. ಎರಡನ್ನೂ ಓದಿದ ನೀವು ಯಾವುದನ್ನು ನಂಬುತ್ತೀರಿ? ಪರೀಕ್ಷೆಗೆ ಬಂದವರು ನೋಡಿದ್ದು ಕೆಲವು ತಾಸು. ನರ್ಸುಗಳು ನೋಡಿದ್ದು ಒಂದು ಆಯುಷ್ಯ. ಆದರೆ ಪ್ರೀತಿಸುವ ಕಣ್ಣು ಇಲ್ಲದ ನಗುವನ್ನೂ ಕಂಡೀತು. ಇದು ಅನುಮಾನವಷ್ಟೇ, ಆರೋಪವಲ್ಲ.

ಈ ಪರೀಕ್ಷೆ ಯಾಕೆಂದರೆ, ಅರುಣಾ ಬಗ್ಗೆ 1998ರಲ್ಲಿ ಪುಸ್ತಕ ಬರೆದ ಪತ್ರಕರ್ತೆ ಪಿಂಕಿ ವಿರಾನಿ 2009ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿದ್ದಾರೆ. ಆಹಾರ ಕೊಡುವುದನ್ನು ನಿಲ್ಲಿಸಿ, ಆಕೆ ನೆಮ್ಮದಿಯಿಂದ ಸಾಯಲಿ ಎಂಬ ಕೋರಿಕೆ. ತಂದೆ ತಾಯಿ ಇಲ್ಲ. ಹತ್ತಿರದ ಸಂಬಂಧಿಕರು ದೂರವಾಗಿದ್ದಾರೆಂದು ದಾಖಲೆ ಹೇಳುತ್ತದೆ. ದೂರವಾದವರ ಕಷ್ಟ ಏನಿತ್ತೋ, ಅದಕ್ಕೆ ತೀರ್ಪು ಕೊಡಲು ನಾವು ಯಾರು? ಒಟ್ಟಿನಲ್ಲಿ ಅರುಣಾ ಪರವಾಗಿ ಮಾತಾಡುತ್ತೇವೆಂದು ನಿಂತವರು ಇಬ್ಬರು: ಹೋಗಗೊಡಿ ಎನ್ನುವ ಲೇಖಕಿ, ಬಿಡುವುದಿಲ್ಲ ಎನ್ನುವ ಆಸ್ಪತ್ರೆ. ಸಂಬಳವಿಲ್ಲದಿದ್ದರೂ ಸೇವೆ ಮಾಡುತ್ತೇನೆಂದು ಸಿಬ್ಬಂದಿಯೊಬ್ಬರು ಹೇಳಿಕೆ ಕೊಟ್ಟಿದ್ದಾರೆ.

ಮೂವರು ವೈದ್ಯರು ಜಾಣರು. ಕೊಲ್ಲಿ, ಉಳಿಸಿ ಎಂಬ ಮಾತಿಗೇ ಹೋಗುವುದಿಲ್ಲ. ಚಿಕಿತ್ಸೆ ಕೊಡುತ್ತಿರುವ ವೈದ್ಯರೂ ಡೀನರೂ ರೋಗಿಯ ಹಿತ ನೋಡಿ ಮುಂದುವರಿಸೋಣ ಎಂದರೆ ಅದನ್ನು ಗೌರವಿಸಬೇಕು; ನಿಲ್ಲಿಸೋಣ ಎಂದರೆ ಅದನ್ನು ಅಪರಾಧವೆಂದು ಎಣಿಸಬಾರದು. ಇದು ಅವರ ಅಭಿಪ್ರಾಯ. ಹಾಸಿಗೆಯ ಪಕ್ಕ ನಿಂತ ಡಾಕ್ಟರಿಗೆ ಬೇಕಾಗಿದ್ದ ರಕ್ಷಣೆ ಎರಡನೆಯದು. ಅದು ಇರದ ಕಾರಣಕ್ಕೇ ಈ ದೇಶದ ಎಷ್ಟೋ ಐಸಿಯುಗಳಲ್ಲಿ ಮುಗಿದ ಚಿಕಿತ್ಸೆ ಮುಂದುವರಿಯುತ್ತಿತ್ತು.

ಮಾರ್ಚ್ 2. ದೆಹಲಿ. ಈಗ ನೀವು ಸುಪ್ರೀಂ ಕೋರ್ಟಿನ ಹಿಂದಿನ ಸಾಲಿನಲ್ಲಿದ್ದೀರಿ. ನ್ಯಾಯಮೂರ್ತಿ ಮಾರ್ಕಂಡೇಯ ಕಾಟ್ಜು, ನ್ಯಾಯಮೂರ್ತಿ ಜ್ಞಾನಸುಧಾ ಮಿಶ್ರಾ ಪೀಠದಲ್ಲಿದ್ದಾರೆ. ವಾದಕ್ಕೆ ಮೊದಲು ಪರದೆ ಬೆಳಗುತ್ತದೆ. ವೈದ್ಯರು ಕೊಟ್ಟ ಸಿಡಿ ಓಡುತ್ತದೆ. ಮುದುಡಿದ ಆ ದೇಹವನ್ನು ಕಪ್ಪು ಕೋಟುಗಳೆಲ್ಲ ನೋಡುತ್ತವೆ. ನಾಜಿಗಳ ಕ್ರೌರ್ಯದ ಚಿತ್ರಗಳನ್ನು ನ್ಯೂರೆಂಬರ್ಗ್ ವಿಚಾರಣೆಯಲ್ಲಿ ತೋರಿಸಿದ್ದೇ ಇದಕ್ಕೆ ಪೂರ್ವನಿದರ್ಶನ ಎಂದು ತೀರ್ಪಿನಲ್ಲಿ ಬರೆದಿದ್ದಾರೆ. ಆ ಉದಾಹರಣೆ ನನಗೆ ಇಂದಿಗೂ ಅರಗಿಲ್ಲ. ಪರದೆಯ ಮೇಲಿದ್ದದ್ದು 1973ರ ಕ್ರೌರ್ಯ ಹೌದು, ಅದರ ಜೊತೆಗೆ 37 ವರ್ಷ ತೊಳೆದು ಬಾಚಿದ ಕೈಗಳ ಕೆಲಸವೂ ಹೌದು. ಜನ ಕಂಡರೆ ಕಸಿವಿಸಿಗೊಳ್ಳುವವರನ್ನು ಇಷ್ಟು ಜನರ ಮುಂದೆ ಇಡಲು ಒಪ್ಪಿಗೆ ಕೊಟ್ಟವರು ಯಾರು? ಕೇಳಿ ಪಡೆಯುವ ದಾರಿ ಇರಲಿಲ್ಲ, ನಿಜ. ಅರುಣಾ ವಿಷಯದಲ್ಲಿ ಎಲ್ಲವೂ ಹಾಗೆಯೇ ನಡೆಯಿತು.

ಮಾರ್ಚ್ 7ರಂದು ತೀರ್ಪು. ಅರ್ಜಿ ವಜಾ. ಅರುಣಾ ಪರವಾಗಿ ಮಾತಾಡಲು ಕಾನೂನು ಒಪ್ಪುವ ಆಪ್ತಮಿತ್ರರ ಸ್ಥಾನದಲ್ಲಿ ನಿಲ್ಲುವ ಹಕ್ಕು ಲೇಖಕಿಗಿಂತ ಹಗಲುರಾತ್ರಿ ನೋಡಿಕೊಂಡ ಕೆಇಎಂ ಸಿಬ್ಬಂದಿಯದು. ಮುಂದೆಂದಾದರೂ ಅವರ ಮನಸ್ಸು ಬದಲಾದರೆ ಬಾಂಬೆ ಹೈಕೋರ್ಟಿಗೆ ಹೋಗಲಿ. ಸೋತ ಅರ್ಜಿಯಲ್ಲೇ ಒಂದು ಬಾಗಿಲು ತೆರೆಯಿತು: ಹೈಕೋರ್ಟ್ ಒಪ್ಪಿದರೆ ಇಂಥ ರೋಗಿಗಳ ಜೀವರಕ್ಷಕ ಚಿಕಿತ್ಸೆ ನಿಲ್ಲಿಸಬಹುದು. ನಾಲ್ಕನೇ ವಾರ್ಡಿನಲ್ಲಿ ನರ್ಸುಗಳು ಸಿಹಿ ಹಂಚಿದರು. ಆ ಸಂತೋಷವನ್ನು ನಾನು ಅನುಮಾನಿಸುವುದಿಲ್ಲ. ಆದರೆ ಗೆದ್ದದ್ದು ಅವರ ನಿಷ್ಠೆ. ಅರುಣಾ ಏನು ಬಯಸುತ್ತಿದ್ದರು ಎಂಬ ಪ್ರಶ್ನೆಗೆ ನಿಷ್ಠೆ ಉತ್ತರವಾಗಲಾರದು. 2015ರ ಮೇ 18ರಂದು ನ್ಯುಮೋನಿಯಾದಿಂದ ಅವರು ತೀರಿಕೊಂಡರು, ಅದೇ ಆಸ್ಪತ್ರೆಯಲ್ಲಿ.

ಈಗ ನಮ್ಮ ಕಡೆಯ ಯಾವುದಾದರೊಂದು ಜಿಲ್ಲಾ ಕೇಂದ್ರದ ಐಸಿಯು ಹೊರಗೆ ಬನ್ನಿ. ಚಪ್ಪಲಿಗಳ ರಾಶಿ, ಬೆಂಚಿನ ಮೇಲೆ ಊಟದ ಡಬ್ಬಿ. ಒಳಗೆ ಮಿದುಳಿನ ರಕ್ತಸ್ರಾವವಾದ 78ರ ಹಿರಿಯರೊಬ್ಬರು ವೆಂಟಿಲೇಟರ್ ಮೇಲಿದ್ದಾರೆ. ಡಾಕ್ಟರು ಕುಟುಂಬವನ್ನು ಸಣ್ಣ ಕೋಣೆಗೆ ಕರೆದಿದ್ದಾರೆ. ಇವರೆದುರಿಗೆ ಕೆಇಎಂ ನರ್ಸುಗಳಿಲ್ಲ, ಬಿಲ್ಲು ಇದೆ. ಮೊದಲಾದರೆ ಇಲ್ಲಿ ನಡೆಯುತ್ತಿದ್ದುದು ಎಲ್ಲರಿಗೂ ಗೊತ್ತಿದ್ದ ನಾಟಕ: ವೈದ್ಯರ ಸಲಹೆಗೆ ವಿರುದ್ಧವಾಗಿ ಕರೆದೊಯ್ಯುತ್ತಿದ್ದೇವೆಂದು ಮನೆಯವರ ಸಹಿ, ಆಂಬ್ಯುಲೆನ್ಸಿನಲ್ಲಿ ಉಸಿರು ಕೊಡುವ ಅಂಬು ಬ್ಯಾಗನ್ನು ಕೈಯಲ್ಲಿ ಒತ್ತುತ್ತ ಊರು ಮುಟ್ಟುವುದು, ಹಜಾರದಲ್ಲಿ ಕೊಳವೆ ತೆಗೆಯುವುದು. ನೋವಿಗೆ ಔಷಧಿಯೂ ಇಲ್ಲದ ಸಾವು.

ಈಗ ಕ್ರಮವಿದೆ. 2018ರ ಮಾರ್ಚ್ 9ರಂದು ಕಾಮನ್ ಕಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಘನತೆಯ ಸಾವು ಮೂಲಭೂತ ಹಕ್ಕಿನ ಭಾಗವೆಂದಿತು. ಅದು ಹಾಕಿದ್ದ ತೊಡಕಿನ ಷರತ್ತುಗಳನ್ನು 2023ರ ಜನವರಿಯಲ್ಲಿ ಸಡಿಲಿಸಲಾಯಿತು. 2025ರ ಜನವರಿ 30ರಂದು ಕರ್ನಾಟಕ ಸರ್ಕಾರ ಆ ತೀರ್ಪನ್ನು ಜಾರಿಗೆ ತರುವ ಸುತ್ತೋಲೆ ಹೊರಡಿಸಿತು. ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ಇದಕ್ಕಾಗಿ ಎರಡು ದಶಕಕ್ಕೂ ಹೆಚ್ಚು ಕಾಲ ಅಲೆದಿದ್ದರು. ಚಿಕಿತ್ಸೆ ನಿಲ್ಲಿಸಬಹುದೇ ಎಂದು ತೀರ್ಮಾನಿಸಲು ಆಸ್ಪತ್ರೆಯಲ್ಲಿ ಮೂವರು ವೈದ್ಯರ ಪ್ರಾಥಮಿಕ ಮಂಡಳಿ, ಅದರ ಮೇಲೆ ಮೂವರ ದ್ವಿತೀಯ ಮಂಡಳಿ, ಇದರಲ್ಲಿ ಜಿಲ್ಲಾ ಆರೋಗ್ಯಾಧಿಕಾರಿ ಸೂಚಿಸಿದವರೊಬ್ಬರು. ಕುಟುಂಬದ ಒಪ್ಪಿಗೆ ಬೇಕು. ನಿಲ್ಲಿಸುವ ಮೊದಲು ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಮುಂದೆ ತನಗೆ ಹೇಳಲಾಗದ ಸ್ಥಿತಿ ಬಂದರೆ ಎಂಥ ಚಿಕಿತ್ಸೆ ಬೇಡ ಎಂಬ ಮುನ್ನುಯಿಲನ್ನು ರೋಗಿ ಮೊದಲೇ ಬರೆದು, ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಿ, ನೋಟರಿಯಿಂದಲೋ ಗೆಜೆಟೆಡ್ ಅಧಿಕಾರಿಯಿಂದಲೋ ದೃಢೀಕರಿಸಿದ್ದರೆ ಅದಕ್ಕೇ ಮೊದಲ ಮಾನ್ಯತೆ.

ಈ ಹಿರಿಯರು ಬರೆದಿಲ್ಲ. ಬರೆದವರು ಎಷ್ಟು ಜನರಿದ್ದಾರು?

"ನಿಮ್ಮ ಅಪ್ಪ ಆಗಿದ್ರೆ ನೀವೇನ್ ಮಾಡ್ತಿದ್ರಿ ಡಾಕ್ಟ್ರೇ?" ಮಗ ಕೇಳುತ್ತಾನೆ. ಎಲ್ಲ ಐಸಿಯು ವೈದ್ಯರೂ ಎದುರಿಸುವ ಪ್ರಶ್ನೆ ಇದು. ಉತ್ತರ ಕೊಟ್ಟರೆ ಅವನ ಹೆಗಲ ಭಾರ ಇಳಿಯುತ್ತದೆ. ಆದರೆ ಆಗ ಮಲಗಿರುವವರ ಜಾಗದಲ್ಲಿ ಡಾಕ್ಟರರ ಅಪ್ಪ ಬಂದು ಮಲಗುತ್ತಾರೆ. ಈ ಡಾಕ್ಟರು ಪ್ರಶ್ನೆಯನ್ನು ತಿರುಗಿಸುತ್ತಾರೆ: "ನನ್ನ ಅಪ್ಪನ ಮಾತು ಬಿಡಿ. ಇವರು ಯಾವತ್ತಾದ್ರೂ ಏನಾದ್ರೂ ಹೇಳಿದ್ರಾ? ಯಾರಾದ್ರೂ ತೀರಿಕೊಂಡಾಗ, ಯಾರನ್ನಾದ್ರೂ ನೋಡಿ ಬಂದಾಗ?"

ಮಗ ಹೇಳುತ್ತಾನೆ: ಚಿಕ್ಕಪ್ಪ ಹಾಸಿಗೆ ಹಿಡಿದಾಗ, ನನಗಿದು ಬೇಡಪ್ಪ ಅಂದಿದ್ರು. ಮಗಳು ಹೇಳುತ್ತಾಳೆ: ಮೊನ್ನೆ ಯುಗಾದಿಗೆ, ಮೊಮ್ಮಗಳ ಮದುವೆ ನೋಡೋ ತನಕ ಹ್ಯಾಗಾದ್ರೂ ಉಳಿಸ್ಕೊಳ್ರೇ ಅಂದಿದ್ರು. ಇಬ್ಬರೂ ಸುಳ್ಳಾಡುತ್ತಿಲ್ಲ. ಡಾಕ್ಟರು ಎರಡೂ ಮಾತನ್ನು ಕೇಸ್ ಶೀಟಿನಲ್ಲಿ ಬರೆದುಕೊಂಡು, ಊರಿನಲ್ಲಿರುವ ಹಿರಿಯ ಮಗನನ್ನೂ ಕರೆಸಿ, ನಾಳೆ ಹತ್ತಕ್ಕೆ ಮತ್ತೆ ಕೂರೋಣ ಎನ್ನುತ್ತಾರೆ.