ಹೊಗೆ ಕಡಿಮೆಯಾಯಿತೋ, ಮೂಗು ಪಳಗಿತೋ?

ಮನೆಮಂದಿಯೆಲ್ಲ ಓದುವ ಪತ್ರಿಕೆಗೆ ವಿಸ್ಕಿ ಬಗ್ಗೆ ಬರೀತೀರಾ ಅಂತ ನನ್ನ ಹೆಂಡತಿಯೇ ಕೇಳಿದಳು. ಕಳೆದ ಎಂಟು ತಿಂಗಳಲ್ಲಿ ನಮ್ಮ ಮನೆಮಂದಿಯೆಲ್ಲ ಕೂತು ಅತಿ ಹೆಚ್ಚು ಮಾತಾಡಿದ್ದು ಒಂದು ವಿಸ್ಕಿ ಬಾಟಲಿಯ ಬಗ್ಗೆಯೇ ಆದ್ದರಿಂದ ಬರೆಯಬಹುದು ಅಂದುಕೊಂಡೆ.

ನಮ್ಮದು ಹೆಬ್ಬಳ್ಳಿ, ಧಾರವಾಡದ ಪಕ್ಕದ ಊರು. ಕೋವಿಡ್ ಕಾಲದಲ್ಲಿ ಬೆಂಗಳೂರಿನಿಂದ ಲ್ಯಾಪ್‌ಟಾಪ್ ಹೊತ್ತುಕೊಂಡು ಬಂದವನು ಇಲ್ಲೇ ಉಳಿದೆ. ಆಗಾಗ ಆಫೀಸಿಗೆ ಹೋಗಿ ಮುಖ ತೋರಿಸಿ ಬರುತ್ತೇನೆ. ಮೇ ತಿಂಗಳಲ್ಲಿ ಹಾಗೆ ಹೋದಾಗ, ದೊಡ್ಡ ಪ್ರಾಜೆಕ್ಟೊಂದು ಮುಗಿದ ಖುಷಿಗೆ ಟೀಮಿನವರು ಒಂದು ಉಡುಗೊರೆ ಕೊಟ್ಟರು. ಬಿಚ್ಚಿ ನೋಡಿದರೆ ಅಮೃತ್ ಪೀಟೆಡ್. ನಮ್ಮ ಬೆಂಗಳೂರಿನದೇ ಸಿಂಗಲ್ ಮಾಲ್ಟ್, 750 ಎಂ.ಎಲ್., ಶೇಕಡಾ 46 ಆಲ್ಕೋಹಾಲ್. ಅದರ ಬೆಲೆ ನಮ್ಮ ಹೊಲದ ಆಳಿನ ಎಷ್ಟು ದಿನದ ಪಗಾರ ಅಂತ ಲೆಕ್ಕ ಹಾಕಿದ ಅಪ್ಪ ಆ ದಿನ ನನ್ನ ಜೊತೆ ಹೆಚ್ಚು ಮಾತಾಡಲಿಲ್ಲ.

ಈ ‘ಪೀಟ್’ ಅಂದ್ರೆ ಏನು ಅಂತ ಹೇಳಬೇಕು. ಜವೆಗೋದಿಯನ್ನು ನೆನೆಹಾಕಿ, ಮೊಳಕೆ ಬರಿಸಿ, ಒಣಗಿಸಿದರೆ ಮಾಲ್ಟ್. ನಮ್ಮ ಮನೆಗಳಲ್ಲಿ ರಾಗಿ ಮೊಳಕೆ ಕಟ್ಟಿ ಒಣಗಿಸುವಂಥದ್ದೇ ಕೆಲಸ. ನಮಗೆ ಬಿಸಿಲಿದೆ, ಸ್ಕಾಟ್ಲೆಂಡಿನವರಿಗೆ ಇಲ್ಲ. ಅವರು ಜೌಗು ನೆಲ ಅಗೆದು, ನೂರಾರು ಸಾವಿರಾರು ವರ್ಷಗಳಿಂದ ಅರೆಕೊಳೆತು ಗಟ್ಟಿಯಾದ ಗಿಡಗಂಟಿಯ ಮಣ್ಣನ್ನು ಇಟ್ಟಿಗೆಯಂತೆ ಕತ್ತರಿಸಿ ಒಣಗಿಸಿ ಉರಿಸುತ್ತಾರೆ. ಅದೇ ಪೀಟ್. ಅದರ ಹೊಗೆಯಲ್ಲಿರುವ ಫೀನಾಲ್ ಜಾತಿಯ ರಾಸಾಯನಿಕಗಳು ಕಾಳಿಗೆ ಅಂಟಿಕೊಂಡು, ಭಟ್ಟಿ ದಾಟಿ, ಬಾಟಲಿವರೆಗೂ ಬರುತ್ತವೆ. ಅಮೃತ್‌ನವರು ಹೊಗೆ ಹಿಡಿದ ಮಾಲ್ಟನ್ನು ಸ್ಕಾಟ್ಲೆಂಡಿನಿಂದಲೇ ತರಿಸುತ್ತಾರೆ.

ಇನ್ನೊಂದು ಮುಖ್ಯ ವಿಷಯ ವಯಸ್ಸು. ಪೀಪಾಯಿಯಲ್ಲಿ ವರ್ಷ ಕಳೆದಂತೆ ಹೊಗೆ ಮೆತ್ತಗಾಗುತ್ತದೆ, ಹಾಗಾಗಿ ಎಳೆಯ ವಿಸ್ಕಿಯಲ್ಲಿ ಅದರ ಹೊಡೆತ ಜೋರು. ಸ್ಕಾಟ್ಲೆಂಡಿನ ಐಲಾ ದ್ವೀಪದ ಅರ್ಡ್‌ಬೆಗ್‌ನವರು ಹೊಗೆಯ ಜೋರಿಗಾಗಿಯೇ ಐದೇ ವರ್ಷದ ‘ವೀ ಬೀಸ್ಟಿ’ ಮಾರುತ್ತಾರೆ. ಬೆಂಗಳೂರಿನ ಲೆಕ್ಕ ಬೇರೆ. ಅಲ್ಲಿ ಪೀಪಾಯಿಯಿಂದ ವರ್ಷಕ್ಕೆ ಶೇಕಡಾ 10-12ರಷ್ಟು ಆವಿಯಾಗಿ ಹೋಗುತ್ತದೆ, ಸ್ಕಾಟ್ಲೆಂಡಿನಲ್ಲಿ ಶೇಕಡಾ 2ರ ಆಸುಪಾಸು. ನಾಲ್ಕು ವರ್ಷ ಇಟ್ಟರೆ ಮೂರನೇ ಒಂದು ಪಾಲಿಗಿಂತ ಹೆಚ್ಚು ಗಾಳಿಗೆ ಹೋಯಿತು. ಅದನ್ನು ದೇವತೆಗಳ ಪಾಲು ಅನ್ನುತ್ತಾರಂತೆ. 2013ರಲ್ಲಿ ಎಂಟು ವರ್ಷದ ವಿಸ್ಕಿ ತಂದಾಗ ಅಮೃತ್‌ನವರು ಅದಕ್ಕೆ ‘ಗ್ರೀಡಿ ಏಂಜಲ್ಸ್’ ಅಂತ ಹೆಸರಿಟ್ಟರು, ಅಂದ್ರೆ ದುರಾಸೆಯ ದೇವತೆಗಳು. 1948ರಲ್ಲಿ ಶುರುವಾದ ಈ ಕಂಪನಿ 2004ರಲ್ಲಿ ತನ್ನ ಸಿಂಗಲ್ ಮಾಲ್ಟನ್ನು ಮೊದಲು ಬಿಡುಗಡೆ ಮಾಡಿದ್ದು ಗ್ಲಾಸ್ಗೋದಲ್ಲಿ. ಧಾರವಾಡಕ್ಕೆ ಬಂದು ಫೇಡೆ ಮಾರಿದ ಹಾಗೆ! ಗೆದ್ದರು ಅನ್ನಿ.

ಇನ್ನು ನಮ್ಮ ಮನೆ. ನಮ್ಮ ಮನೆಗೆ ಬಾಟಲಿ ಬರುವುದು ಸಣ್ಣ ಮಾತಲ್ಲ. ನನ್ನ ಕಾಕಾ 2005ರಲ್ಲಿ ಸಾರಾಯಿಯಿಂದ ತೀರಿಕೊಂಡರು, ಆಗ ನನಗೆ ಹತ್ತು ವರ್ಷ. ಹೊಲದ ಬದುವಿನಲ್ಲಿ ಹಲ್ಲಿನಿಂದ ಕಚ್ಚಿ ಹರಿದ ಪ್ಯಾಕೆಟ್‌ಗಳು ಬಿದ್ದಿರುತ್ತಿದ್ದುದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಕರ್ನಾಟಕದಲ್ಲಿ ಸಾರಾಯಿ ಬಂದ್ ಆದದ್ದು 2007ರ ಜುಲೈ 1ಕ್ಕೆ. ನಮಗೆ ಎರಡು ವರ್ಷ ತಡ. ಚಿಗವ್ವ ಇಂದಿಗೂ ನಮ್ಮ ಜೊತೆಗೇ ಇದ್ದಾರೆ. ಬಾಟಲಿ ಬಂದ ದಿನ ಅವರು ಏನೂ ಅನ್ನಲಿಲ್ಲ, ಎದ್ದು ಹಿತ್ತಲಿಗೆ ಹೋದರು.

ಮಾತಾಡಿದ್ದು ಅವ್ವ. “ಭಾನುವಾರಕ್ಕೊಮ್ಮೆ. ಔಷಧಿ ಮುಚ್ಚಳದಾಗ ಅಳದು. ನನ್ನ ಮುಂದ.” ಅಪ್ಪನ ಟಾನಿಕ್ಕಿನ 15 ಎಂ.ಎಲ್. ಮುಚ್ಚಳದಿಂದ ಎರಡು ಮುಚ್ಚಳ. ಬಾಟಲಿಯಲ್ಲಿ ವಿಸ್ಕಿ ಎಲ್ಲಿವರೆಗಿದೆಯೋ ಅಲ್ಲಿಗೆ ಅವ್ವ ಒಂದು ರಬ್ಬರ್ ಬ್ಯಾಂಡ್ ಹಾಕಿದರು. ಪ್ರತಿ ಭಾನುವಾರ ಅದನ್ನು ಕೆಳಗೆ ಸರಿಸುವುದೂ ಅವರೇ. ನಮ್ಮ ಆಫೀಸಿನ ಯಾವ ಆಡಿಟ್ ಕೂಡ ಇಷ್ಟು ಬಿಗಿಯಾಗಿಲ್ಲ.

ಮೊದಲ ದಿನವೇ ನಾನು ಒಂದು ಕೆಲಸ ಮಾಡಿದ್ದೆ. ಬಾಟಲಿ ಖಾಲಿಯಾದಷ್ಟೂ ಒಳಗೆ ಗಾಳಿ ತುಂಬುತ್ತದೆ, ಗಾಳಿ ತಾಗಿದರೆ ರುಚಿ ಬದಲಾಗುತ್ತದೆ ಅಂತ ಓದಿದ್ದೆ. ಅದಕ್ಕೇ 60 ಎಂ.ಎಲ್.ನ ಎರಡು ಹೊಸ ಗಾಜಿನ ಶೀಶೆಗಳಿಗೆ ಕಂಠಮಟ್ಟ ತುಂಬಿ, ಬಿರಡೆ ಬಿಗಿದು ಕಪಾಟಿನ ಕತ್ತಲೆಯಲ್ಲಿ ಇಟ್ಟೆ. ಸಾಫ್ಟ್‌ವೇರ್‌ನವರ ಚಟ, ಬ್ಯಾಕಪ್ ಇಲ್ಲದೆ ಏನನ್ನೂ ಮುಟ್ಟುವುದಿಲ್ಲ.

ಮೊದಲ ಗುಟುಕಿಗೆ ನಾನು ಮೊಬೈಲಿನಲ್ಲಿ ಬರೆದುಕೊಂಡದ್ದು: “ಡೆಟಾಲ್, ಸುಟ್ಟ ವೈರ್, ಬೂದಿ. ಮೂಗು ಚುರ್ ಅಂತು.” ದೂರ ಕೂತಿದ್ದ ಅವ್ವನೂ ಮೂಗು ಮುಚ್ಚಿಕೊಂಡು “ಏನಿದು ತಮ್ಮಾ, ದವಾಖಾನಿ ವಾಸನಿ ಹೊಡಿಯಾಕತ್ತೈತಿ” ಅಂದರು. ಅವರ ಮೂಗು ಸರಿಯಾಗಿಯೇ ಹೇಳಿತ್ತು. ಹಿಂದೆ ಆಸ್ಪತ್ರೆಗಳಲ್ಲಿ ಬಳಸುತ್ತಿದ್ದ ಕಾರ್ಬಾಲಿಕ್ ಆಸಿಡ್ ಅಂದ್ರೆ ಫೀನಾಲೇ.

ಮೂರನೇ ಭಾನುವಾರ ನಾಲ್ಕು ಹನಿ ನೀರು ಹಾಕಿದೆ. ಹೊಗೆಯ ಹಿಂದಿನಿಂದ ಹುರಿದ ಕಾಳಿನ ಪರಿಮಳ ಬಂತು. ಐದನೆಯದಕ್ಕೆ ಜೇಷ್ಠಮಧು, ಕಿತ್ತಳೆ ಸಿಪ್ಪೆ. ಏಳಕ್ಕೆ ಬೆಲ್ಲದ ಪಾಕ, ಕೊನೆಗೆ ಕರಿಮೆಣಸು. ಒಂಬತ್ತನೇ ವಾರದ ಟಿಪ್ಪಣಿ: “ಹೊಗೆ ಅರ್ಧಕ್ಕರ್ಧ ಇಳಿದಿದೆ. ವಿಸ್ಕಿ ಪಳಗಿತು.” ಬಾಟಲಿ ಆಗಲೇ ಅರ್ಧಕ್ಕಿಂತ ಕೆಳಗಿತ್ತು. ಗಾಳಿ ತನ್ನ ಕೆಲಸ ಮಾಡುತ್ತಿದೆ ಅಂತ ಖುಷಿಯಾಯಿತು.

ಅಷ್ಟರಲ್ಲಿ ಶ್ರಾವಣ ಬಂತು. ನಮ್ಮಲ್ಲಿ ಶ್ರಾವಣಕ್ಕೆ ಮೊಟ್ಟೆ ಕೂಡ ಒಳಗೆ ಬರುವುದಿಲ್ಲ, ಇನ್ನು ಇದೆಲ್ಲಿ? ಗಣಪತಿಯನ್ನು ಕಳಿಸಿ ಆದ ಮೇಲೆ, ಸುಮಾರು ಏಳು ವಾರ ಬಿಟ್ಟು ಮುಚ್ಚಳ ತೆಗೆದೆ. ಇನ್ನೂ ಮೆತ್ತಗಾಗಿರುತ್ತದೆ ಅಂತ ನನ್ನ ಲೆಕ್ಕ. ಮೂಗಿಗೆ ಹಿಡಿದರೆ ಡೆಟಾಲ್, ಸುಟ್ಟ ವೈರ್, ಬೂದಿ! ಮೊದಲ ದಿನದ್ದೇ ಪೆಟ್ಟು.

ಗಾಳಿಯೇ ಹೊಗೆಯನ್ನು ಇಳಿಸಿದ್ದಾದರೆ ಏಳು ವಾರ ಸುಮ್ಮನೆ ಕೂತ ಬಾಟಲಿಯಲ್ಲಿ ಅದು ವಾಪಸ್ ಹೇಗೆ ಬರಬೇಕು? ಸಣ್ಣ ಶೀಶೆ ಒಂದನ್ನು ಹೊರತೆಗೆದೆ. ಹೆಂಡತಿ ಪಕ್ಕದ ಕೋಣೆಯಲ್ಲಿ ಮೂರು ಲೋಟಕ್ಕೆ ಮೂರು ಮೂರು ಎಂ.ಎಲ್. ಹಾಕಿ ತರುತ್ತಾಳೆ. ಎರಡು ಒಂದೇ ಬಾಟಲಿಯವು, ಒಂದು ಬೇರೆ. ಬೇರೆ ಯಾವುದು ಅಂತ ನಾನು ಹೇಳಬೇಕು. ಆಹಾರ ಕಂಪನಿಗಳವರು ರುಚಿ ಪರೀಕ್ಷೆಗೆ ಇದನ್ನೇ ಮಾಡುತ್ತಾರೆ, ತ್ರಿಕೋನ ಪರೀಕ್ಷೆ ಅಂತ ಹೆಸರು. ಎರಡು ಭಾನುವಾರ, ಒಟ್ಟು ಆರು ಸಲ. ನಾಲ್ಕು ಸಲ ಸರಿಯಾಗಿ ಗುರುತಿಸಿದೆ. ಬೀಗಬೇಡಿ ಅಂದಳು ಆಕೆ. ಹೌದು, ಕಣ್ಣುಮುಚ್ಚಿ ಊಹಿಸಿದವನಿಗೂ ಹತ್ತರಲ್ಲಿ ಒಂದು ಸಲ ಆರಕ್ಕೆ ನಾಲ್ಕೋ ಹೆಚ್ಚೋ ಸಿಗುತ್ತದೆ. ಸಿಕ್ಕ ವ್ಯತ್ಯಾಸವಾದರೂ ಏನು? ತೆರೆದ ಬಾಟಲಿಯದರಲ್ಲಿ ಮೂಗಿಗೆ ಚುಚ್ಚುವ ಸ್ಪಿರಿಟ್ಟಿನ ಘಾಟು ಸ್ವಲ್ಪ ತಗ್ಗಿತ್ತು, ಹಸಿ ಹಿಟ್ಟಿನ ವಾಸನೆ ಹೋಗಿತ್ತು. ಹೊಗೆ ಮಾತ್ರ ಎರಡರಲ್ಲೂ ಅಷ್ಟೇ. ಒಂಬತ್ತು ವಾರದಲ್ಲಿ ವಿಸ್ಕಿ ಪಳಗಿದ್ದು ಚೂರು, ನಾನು ಪಳಗಿದ್ದು ಬಹಳ.

ಇದನ್ನು ರಾತ್ರಿ ಊಟಕ್ಕೆ ಕೂತಾಗ ದೊಡ್ಡ ಸಂಶೋಧನೆ ಮಾಡಿದವನ ಹಾಗೆ ಹೇಳುತ್ತಿದ್ದೆ. ಹೊಗೆ ಕಡಿಮಿ ಆಗಿರಲಿಲ್ಲ, ನನ್ನ ಮೂಗಿಗೆ ರೂಢಿ ಆಗಿತ್ತು ಅಂತ. ರೊಟ್ಟಿ ಬಡಿಯುತ್ತಿದ್ದ ಚಿಗವ್ವ ತಿರುಗಿ ನೋಡದೆ ಅಂದರು, “ನಿಮ್ಮ ಕಾಕಾನೂ ಹಂಗ ಅಂತಿದ್ರಪಾ. ಮೊದಮೊದಲ ಗಂಟಲಾ ಸುಡತೈತಿ ಅಂದ್ರು. ಆಮ್ಯಾಲ ಸಪ್ಪಗೈತಿ ಅಂದ್ರು. ಪ್ಯಾಕೆಟ್ ಅದ ಇತ್ತು.”

ಬಾಟಲಿ ಬಂದ ಮೇಲೆ ಅದರ ಬಗ್ಗೆ ಅವರಾಡಿದ ಮೊದಲ ಮಾತು ಅದು. ಯಾರೂ ಏನೂ ಹೇಳಲಿಲ್ಲ. ಅಪ್ಪ ಮಜ್ಜಿಗೆ ಕೇಳಿದರು.

ಸಪ್ಪಗಾದಾಗ ಮನುಷ್ಯ ಮಾಡುವುದು ಎರಡೇ. ಒಂದೋ ಇನ್ನಷ್ಟು ಹಾಕಿಕೊಳ್ಳುತ್ತಾನೆ, ಇಲ್ಲವೋ ಬಿಟ್ಟು ಕಾಯುತ್ತಾನೆ. ಬಲ್ಲವರ ಪುಸ್ತಕಗಳಲ್ಲಿ ರುಚಿ ‘ತೆರೆದುಕೊಳ್ಳುತ್ತದೆ’ ಅಂತ ಬರೆದಿರುತ್ತಾರೆ. ಅದು ಸುಳ್ಳಲ್ಲ. ಹೊಗೆಗೆ ಮೂಗು ಮೊದ್ದಾದ ಮೇಲೇ ಹಿಂದಿನ ಕಿತ್ತಳೆ, ಬೆಲ್ಲ ನನಗೆ ಸಿಕ್ಕದ್ದು. ಆದರೆ ಅದೇ ಮೊದ್ದುತನಕ್ಕೆ ನಮ್ಮ ಮನೆಯಲ್ಲಿ ಇನ್ನೊಂದು ಹೆಸರಿದೆ ಅಂತ ಚಿಗವ್ವ ಹೇಳಿದಂತಾಯಿತು. ಅಲ್ಲಿಂದ ನಾನು ಒಂದು ಭಾನುವಾರ ಬಿಟ್ಟು ಒಂದು ಭಾನುವಾರ ಮಾಡಿದೆ. ಹೊಗೆ ಪೂರ್ತಿ ಸಿಗಲಿ ಅಂತಲೋ, ಚಿಗವ್ವನ ಮಾತಿಗೋ, ಬೇರ್ಪಡಿಸಿ ಹೇಳುವುದು ಕಷ್ಟ. ಎರಡು ವಾರದ ಬಿಡುವಿನಲ್ಲಿ ಮೊದಲ ಪೆಟ್ಟು ಸುಮಾರಾಗಿ ವಾಪಸ್ ಬರುತ್ತದೆ. ಅದೇ ಈಗ ನನಗೆ ಇಷ್ಟ.

ಈಗ ಜನವರಿ. ಮೊನ್ನೆ ಹೊಲದಲ್ಲಿ ಕುಳ್ಳಿನ ಕೆಂಡಕ್ಕೆ ಜೋಳದ ತೆನೆ ಹಾಕಿ ಸೀತನಿ ಮಾಡಿದ್ದೆವು. ಅಂಗೈಯಲ್ಲಿ ತಿಕ್ಕಿ, ಊದಿ, ಬೆಲ್ಲದ ಜೊತೆ ಬಾಯಿಗೆ ಹಾಕಿಕೊಂಡರೆ ಹುರಿದ ಕಾಳು, ಹೊಗೆ, ಸಿಹಿ. ನೀರು ಬೆರೆಸಿದ ಆ ವಿಸ್ಕಿಯ ಕೊನೆಯ ರುಚಿ ಇದೇ ದಾರಿಯದು. ಆದರೆ ಕುಳ್ಳಿನ ಹೊಗೆ ಮೆದು, ಅದರಲ್ಲಿ ದವಾಖಾನೆ ಇಲ್ಲ. ಇದನ್ನು ಅಪ್ಪನಿಗೆ ಹೇಳಿದೆ. “ಹಂಗಾದ್ರ ಸೀತನಿನ ತಿನ್ನು, ರೊಕ್ಕಾ ಉಳಿತೈತಿ” ಅಂದರು.

ಬಾಟಲಿಯಲ್ಲಿ ಇನ್ನೆರಡು ಸಲಕ್ಕಾಗುವಷ್ಟು ಉಳಿದಿದೆ. ಕಂಠಮಟ್ಟ ತುಂಬಿದ ಎರಡನೇ ಶೀಶೆ ಕಪಾಟಿನಲ್ಲಿ ಹಾಗೇ ಇದೆ. ಅದನ್ನು ಬರುವ ಮೇ ತಿಂಗಳಲ್ಲಿ, ಮೂಗು ಪೂರ್ತಿ ಮರೆತ ಮೇಲೆ ತೆರೆಯೋಣ ಅಂತ ಚೀಟಿ ಅಂಟಿಸಿದ್ದೇನೆ. ನಿನ್ನೆ ಕಪಾಟು ಒರೆಸುತ್ತಿದ್ದ ಅವ್ವ ಅದನ್ನು ಕೈಯಲ್ಲಿ ಹಿಡಿದು ಬೆಳಕಿಗೆ ನೋಡಿದರು.

“ಇದಕ್ಕೂ ಒಂದು ರಬ್ಬರ್ ಹಾಕ್ಲೇನು?”