ಬ್ರಾಕೆಟ್ ಒಳಗೆ ಹೋದ ಹೈಫನ್ (ಭಾಗ 6)

ಬಿಕಾಂ ಓದೋರಿಗೆ ಇದೆಲ್ಲ ಯಾಕೆ ಅಂತ ಹೋದ ಸಲ ಸುಮಾರು ಜನ ಕೇಳಿದ್ರಿ. ಟ್ಯಾಲಿ, ಜಿಎಸ್‌ಟಿ, ಶೀಟ್ ಅಂತ ದಿನಾ ಬೆಳಗಾದ್ರೆ ಕಾಲಂಗಳನ್ನೇ ನೋಡೋ ನಮಗಲ್ದೆ ಇನ್ಯಾರಿಗೆ ಬೇಕು ಹೇಳಿ? ರೆಗ್ಯುಲರ್ ಎಕ್ಸ್‌ಪ್ರೆಷನ್ ಅಂದ್ರೆ ಪದವನ್ನಲ್ಲ, ಪದದ ಆಕಾರವನ್ನ ಹುಡುಕೋದು ಅಂತ ಹಿಂದಿನ ಭಾಗದಲ್ಲಿ ನೋಡಿದ್ವಿ. ಇವತ್ತು ಒಂದೇ ವಿಷಯ: ಚೌಕ ಬ್ರಾಕೆಟ್ [ ] ಒಳಗೆ ಕಾಲಿಟ್ಟ ಮೇಲೆ ಚಿಹ್ನೆಗಳ ಗುಣ ಬದಲಾಗುತ್ತೆ. ಇದಕ್ಕೆ ಕ್ಯಾರೆಕ್ಟರ್ ಕ್ಲಾಸ್ ಅಂತಾರೆ. ಒಳಗಿರೋದ್ರಲ್ಲಿ ಯಾವುದಾದ್ರೂ ಒಂದು ಅಕ್ಷರ ಸಿಕ್ಕಿದ್ರೆ ಸಾಕು ಅಂತ ಅರ್ಥ.

ನಮ್ಮೂರಿನ ಪಿನ್‌ಕೋಡ್‌ನಿಂದಲೇ ಶುರು ಮಾಡೋಣ. ಮಧುಗಿರಿ 572132, ಶಿರಾ 572137, ಕೊರಟಗೆರೆ 572129. 572[0-9][0-9][0-9] ಅಂತ ಬರೆದ್ರೆ ಮೂರೂ ಸಿಗುತ್ತವೆ. ಆದ್ರೆ ಪಾವಗಡ 561202. ಜಿಲ್ಲೆ ನಮ್ಮದೇ, ಸುತ್ತ ಬಹುಪಾಲು ಆಂಧ್ರ, ಪಿನ್ ಬೇರೆ. ಅವರನ್ನೂ ಸೇರಿಸ್ಬೇಕಾದ್ರೆ ಶುರುವನ್ನ 5[67] ಅಂತ ಮಾಡ್ಬೇಕು. ಗಮನಿಸಿ, [67] ಅಂದ್ರೆ ಅರವತ್ತೇಳಲ್ಲ. ಆರು ಅಥವಾ ಏಳು.

ಈಗ ಚುಕ್ಕಿ. ಬ್ರಾಕೆಟ್ ಆಚೆ ಚುಕ್ಕಿ ಅಂದ್ರೆ ಯಾವ ಅಕ್ಷರ ಆದ್ರೂ ಸರಿ ಅಂತ. ಬರೀ ಚುಕ್ಕಿಯೇ ಬೇಕಿದ್ರೆ ಮುಂದೆ ಬ್ಯಾಕ್‌ಸ್ಲ್ಯಾಶ್ ಹಾಕಿ \. ಅಂತ ಬರೀಬೇಕು. ಬ್ರಾಕೆಟ್ ಒಳಗೆ ಆ ಗತ್ತು ಇರಲ್ಲ, [.] ಅಂದ್ರೆ ಬರೀ ಚುಕ್ಕಿ. ನಕ್ಷತ್ರ, ಪ್ಲಸ್, ಪ್ರಶ್ನಾರ್ಥಕ ಎಲ್ಲ ಅಷ್ಟೇ, ಒಳಗೆ ಬಂದ್ರೆ ಸಾಧು ಹಸುಗಳು. ಒಳಗೂ ಜೋರು ಉಳಿಸಿಕೊಳ್ಳೋದು ಮುಖ್ಯವಾಗಿ ನಾಲ್ಕು: ಮುಚ್ಚೋ ಬ್ರಾಕೆಟ್, ಬ್ಯಾಕ್‌ಸ್ಲ್ಯಾಶ್, ಮೊದಲಲ್ಲೇ ಬರೋ ^, ಮಧ್ಯದಲ್ಲಿ ಕೂತ ಹೈಫನ್.

ಈ ಹೈಫನ್ನೇ ನಮ್ಮಮ್ಮನ ಸಂಘದಲ್ಲಿ ಒಬ್ಬ ಅಜ್ಜಿಗೆ ತಲೆ ತಗ್ಗಿಸೋ ಹಾಗೆ ಮಾಡಿದ್ದು.

ಸಂಘದ ಲೆಕ್ಕ ಪುಸ್ತಕದಿಂದ ಗೂಗಲ್ ಶೀಟ್‌ಗೆ ಬಂದಿತ್ತು. ಎಲ್ಲಿಂದಲೋ ಕೈಯಿಂದ ಕೈಗೆ ಬಂದ ರೆಡಿಮೇಡ್ ಶೀಟ್ ಅದು. ತಾರೀಕು ಇರೋ ಸಾಲನ್ನ ಮಾತ್ರ ಲೆಕ್ಕಕ್ಕೆ ತಗೊಳ್ಳೋ ಫಾರ್ಮುಲಾ. ಕೆಲವರು ತಾರೀಕನ್ನ 12/08/2024 ಅಂತ, ಕೆಲವರು 12.08.2024 ಅಂತ, ಇನ್ನು ಕೆಲವರು 12-08-2024 ಅಂತ ಬರೀತಾರೆ. ಮೂರಕ್ಕೂ ಆಗ್ಲಿ ಅಂತ ಯಾರೋ [.-/] ಅಂತ ಹಾಕಿದ್ರು. ನೋಡೋಕೆ ಮೂರೂ ಚಿಹ್ನೆ ಇದಾವೆ, ಅಲ್ವಾ? ಆದ್ರೂ ಆ ಅಜ್ಜಿಯ ಕಂತು ಬಾಕಿ ಅಂತ ತೋರಿಸ್ತಿತ್ತು. ತುಂಬು ಸಭೆಯಲ್ಲಿ ಬಾಕಿ ಅಂತ ಓದಿದ್ರೆ ಹೇಗಿರುತ್ತೆ ಯೋಚನೆ ಮಾಡಿ. 'ಕಟ್ಟಿದೀನಿ ಕಣವ್ವ' ಅಂತ ಅವರು ಹೇಳ್ತಾನೇ ಇದ್ರು.

ಅಮ್ಮ ಫೋನ್ ನನ್ನ ಕೈಗೆ ಕೊಟ್ಟು 'ನೋಡು ಒಂದ್ಸಲ' ಅಂದ್ರು. ನೋಡಿದ್ರೆ ವಿಷಯ ಇಷ್ಟೇ. ಮಧ್ಯದಲ್ಲಿರೋ ಹೈಫನ್ ಚಿಹ್ನೆ ಅಲ್ಲ, 'ಇಂದ ವರೆಗೆ' ಅಂತ ಅರ್ಥ. ಕಂಪ್ಯೂಟರ್ ಒಳಗೆ ಹೈಫನ್‌ನ ನಂಬರ್ 45, ಚುಕ್ಕಿ 46, ಸ್ಲ್ಯಾಶ್ 47. ಪಕ್ಕಪಕ್ಕದ ಮನೆಗಳು. [.-/] ಅಂದ್ರೆ 46ರಿಂದ 47ರವರೆಗೆ. ಅಂದ್ರೆ ಚುಕ್ಕಿ, ಸ್ಲ್ಯಾಶ್, ಮುಗೀತು. 45 ಆಚೆಯೇ ಉಳೀತು. ಅಜ್ಜಿಯ ಸಾಲುಗಳನ್ನ ಬರೆದವರು ಹೈಫನ್ ಹಾಕೋರು. ಶೀಟ್ ಎರರ್ ಕೂಡ ಕೊಡಲಿಲ್ಲ, ಯಾಕಂದ್ರೆ ಅದರ ಪ್ರಕಾರ ಎಲ್ಲ ಸರಿ ಇತ್ತು. ಅದನ್ನೇ ತಿರುಗಿಸಿ [/-.] ಅಂತ ಬರೆದಿದ್ರೆ ದೊಡ್ಡದರಿಂದ ಚಿಕ್ಕದಕ್ಕೆ ಆಗುತ್ತೆ ಅಂತ ಎರರ್ ಬಂದಿರೋದು, ಆವತ್ತೇ ಗೊತ್ತಾಗ್ತಿತ್ತು.

ಸರಿ ಮಾಡೋಕೆ ಎರಡು ದಾರಿ. ಒಂದು, ಬ್ಯಾಕ್‌ಸ್ಲ್ಯಾಶ್ ಕೊಟ್ಟು [.\-/]. ಇನ್ನೊಂದು, ಹೈಫನ್‌ನ ಕೊನೆಗೆ ತಳ್ಳಿ [./-]. ನಾನು ಎರಡನೇದನ್ನೇ ಬಳಸ್ತೀನಿ. ಯಾಕಂದ್ರೆ ಶೀಟ್, ಪೈಥಾನ್, ಜಾವಾಸ್ಕ್ರಿಪ್ಟ್‌ನಲ್ಲಿ ಬ್ಯಾಕ್‌ಸ್ಲ್ಯಾಶ್ ಬ್ರಾಕೆಟ್ ಒಳಗೂ ಕೆಲಸ ಮಾಡುತ್ತೆ, ಲಿನಕ್ಸ್‌ನ ಗ್ರೆಪ್‌ನಲ್ಲಿ ಮಾಮೂಲಿಯಾಗಿ ಮಾಡಲ್ಲ. ಅಲ್ಲಿ [\.] ಅಂದ್ರೆ ಚುಕ್ಕಿ ಅಥವಾ ಬ್ಯಾಕ್‌ಸ್ಲ್ಯಾಶ್, ಎರಡನ್ನೂ ಹಿಡಿಯುತ್ತೆ. ಇನ್ನೊಂದು ತಮಾಷೆ: ಬ್ಯಾಕ್‌ಸ್ಲ್ಯಾಶ್ ಜೊತೆ ಇಂಗ್ಲಿಷ್ ಬಿ ಹಾಕಿದ್ರೆ ಆಚೆ ಪದದ ಅಂಚು ಅಂತ ಅರ್ಥ. ಅದೇ ಪೈಥಾನ್‌ನಲ್ಲಿ ಬ್ರಾಕೆಟ್ ಒಳಗೆ ಬ್ಯಾಕ್‌ಸ್ಪೇಸ್ ಆಗಿಬಿಡುತ್ತೆ!

ಕೊನೆಯದು ನಮ್ಮ ಭಾಷೆದು. ಬ್ಯಾಕ್‌ಸ್ಲ್ಯಾಶ್ ಜೊತೆ ಡಬ್ಲ್ಯೂ ಅಂದ್ರೆ 'ಪದದ ಅಕ್ಷರ' ಅಂತ ಎಲ್ಲಾ ಕಡೆ ಹೇಳ್ಕೊಡ್ತಾರೆ. ಶೀಟ್‌ನಲ್ಲಿ ಅದಕ್ಕೆ ಕನ್ನಡ ಕಾಣೋದೇ ಇಲ್ಲ. ಪೈಥಾನ್‌ನಲ್ಲಿ ಮೂಲ ಅಕ್ಷರ ಕಾಣುತ್ತೆ, ಕಾಗುಣಿತ ಕಾಣಲ್ಲ. ಮಧುಗಿರಿ ಅಂತ ಕೊಟ್ರೆ ಮಧ, ಗ, ರ ಅಂತ ಮೂರು ಚೂರು. ಶಿರಾ ಕೊಟ್ರೆ ಶ, ರ. ಕೊರಟಗೆರೆ ಕ, ರಟಗ, ರ. ಪಾವಗಡ ಪ, ವಗಡ. ಬೆಟ್ಟ, ಕೋಟೆ ಎಲ್ಲ ಇರೋ ಊರು ಒಂದು ಕೊಂಬು ಗುಡಿಸಿಗೆ ಪುಡಿ ಪುಡಿ!

[ಅ-ಹ] ಅಂತ ಹಾಕ್ತೀನಿ ಅಂತೀರಾ? ಅದೂ ಸಾಲಲ್ಲ. ಯೂನಿಕೋಡ್‌ನಲ್ಲಿ ಅ 3205, ಹ 3257. ಕಾಗುಣಿತದ ಚಿಹ್ನೆಗಳು ಅದಾದ್ಮೇಲೆ ಬಂದು, ಒತ್ತು ಕೊಡೋ ವಿರಾಮ 3277ರಲ್ಲಿದೆ. ಸೊನ್ನೆ ಮಾತ್ರ ಅ-ಗಿಂತ ಮುಂಚೆಯೇ, 3202ರಲ್ಲಿ! ಶಾಲೆಯಲ್ಲಿ ಔ ಆದ್ಮೇಲೆ ಅಂ ಅಃ ಅಂತ ಕಲಿತೋರು ಅ-ದಿಂದ ಶುರು ಮಾಡಿದ್ರೆ ಗಂಗಮ್ಮ ಹೋಗಿ ಗ, ಗಮ್ಮ ಆಗ್ತಾರೆ. ಹಾಗಾಗಿ ಕ್ಲಾಸ್ 3202ರಿಂದ 3277ರವರೆಗೆ ಇರ್ಲಿ. ಶೀಟ್‌ನಲ್ಲಿ ಯೂನಿಚಾರ್ ಫಂಕ್ಷನ್‌ಗೆ ಈ ನಂಬರ್ ಕೊಟ್ರೆ ಅಕ್ಷರ ಸಿಗುತ್ತೆ.

ಒಂದು ಅಭ್ಯಾಸ ಮಾತ್ರ ಇಟ್ಕೊಳ್ಳಿ. ಪ್ಯಾಟರ್ನ್ ಹಾಕಿದ ತಕ್ಷಣ ಸಿಕ್ಕಿದ ಸಾಲು ಎಷ್ಟು ಅಂತ ನೋಡಿ ಖುಷಿಪಡ್ಬೇಡಿ. ಸಿಗದೇ ಇರೋ ಸಾಲುಗಳನ್ನ ಬೇರೆ ತೆಗೆದು ಕಣ್ಣಲ್ಲಿ ಓದಿ. ಲೆಕ್ಕ ತಾಳೆ ಆಗೋದು ಅಲ್ಲೇ. ಮುಂದಿನ ಸಭೆಯಲ್ಲಿ ಅಜ್ಜಿಯ ಹೆಸರಿನ ಮುಂದೆ 'ಪೂರ್ತಿ ಪಾವತಿ' ಅಂತ ಅಮ್ಮನೇ ಗಟ್ಟಿಯಾಗಿ ಓದಿದ್ರು.

ಮುಂದಿನ ಭಾಗ: ಹೆಸರಿನ ಇನಿಷಿಯಲ್, ಚುಕ್ಕಿ, ಸ್ಪೇಸ್. ನಿಮ್ಮ ಶೀಟ್‌ನಲ್ಲಿ ತಾರೀಕು ಹೇಗೆ ಬರೀತೀರಾ, ಕಾಮೆಂಟ್ ಮಾಡಿ.

#ಮಧುಗಿರಿ #ಶಿರಾ #ಕೊರಟಗೆರೆ #ಪಾವಗಡ #ಬಿಕಾಂಹುಡುಗಿಯಕೋಡ್